ಹನ್ನೆರಡು ಧ್ವಜಗಳು, ಒಬ್ಬ ಮಾಸ್ತರರು

ಪತ್ರಿಕೆಯ ಆರನೆಯ ಪುಟದಲ್ಲಿ ನಮ್ಮ ಸರ್ ಅವರ ಫೋಟೋ ಬಂದಿದೆ. ಕೆಳಗೆ ನಾಲ್ಕು ಸಾಲು. ನಮ್ಮ ಅಂತರರಾಷ್ಟ್ರೀಯ ಶಿಕ್ಷಣ ಸಂಕುಲದ ಆಧಾರಸ್ತಂಭ, ಸ್ವಂತ ಇಚ್ಛೆಯಿಂದ ನಿವೃತ್ತರಾದ ಡೀನ್, ಕೊನೆಯವರೆಗೂ ನಮ್ಮ ಮಾರ್ಗದರ್ಶಕರು, ಮೊನ್ನೆ ದೈವಾಧೀನರಾದರು. ಈ ನಾಲ್ಕರಲ್ಲಿ ಖರೆ ಇರುವುದು ಕೊನೆಯದೊಂದೇ. ಜಾಹೀರಾತು ಕೊಟ್ಟವರು ಅವರನ್ನು ಗೇಟಿನಿಂದ ಹೊರಗೆ ಹಾಕಿದವರು. ಆ ದಿನ ನಾನು ಗೇಟಿನ ಒಳಗಿದ್ದೆ. ಬರೆಯುವ ಅಧಿಕಾರ ನನಗೆ ಎಷ್ಟಿದೆಯೋ ಗೊತ್ತಿಲ್ಲ. ಸುಮ್ಮನಿರುವ ಅಧಿಕಾರವಂತೂ ಇಲ್ಲ.

ಅವರ ಹೆಸರು ಬರೆಯುವುದಿಲ್ಲ. ಆ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬಂದದ್ದೇ ಹೆಚ್ಚಾಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಗೋಕಾಕದ ಕಾಲೇಜೊಂದರಲ್ಲಿ ಅವರು ನನಗೆ ಭೌತಶಾಸ್ತ್ರ ಕಲಿಸಿದರು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಜೈನ ಒಕ್ಕಲು ಮನೆತನದವರು. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಗಿಡ್ಡ ಆಳು, ಮೊಣಕೈವರೆಗೆ ಮಡಚಿದ ಬಿಳಿ ಅಂಗಿ. ಜೇಬಿನಲ್ಲಿ ಪೆನ್ನಿನ ಜೊತೆಗೇ ಸೀಮೆಸುಣ್ಣದ ಕಡ್ಡಿ ಇಟ್ಟುಕೊಳ್ಳುತ್ತಿದ್ದುದರಿಂದ ಬರೆಯುವಾಗ ಪೆನ್ನು ಉದುರಿಸುತ್ತಿದ್ದುದು ಬಿಳಿ ಪುಡಿಯನ್ನು. ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಚಳಿಗಾಲದಲ್ಲಿ ಪ್ರಯೋಗಾಲಯದ ತರಗತಿ ಲಂಬಿಸಿದರೆ ಕಿಟಕಿಯತ್ತ ಒಮ್ಮೆ ನೋಡಿ, "ನಿಮ್ಮದು ನಡೀಲಿ, ನನಗ ಹೊತ್ತಾತು" ಎಂದು ಮೂಲೆಯ ಸ್ಟೂಲಿನ ಮೇಲೆ ಕೂತು, ಡಬ್ಬಿ ಬಿಚ್ಚಿ, ಹತ್ತು ನಿಮಿಷದಲ್ಲಿ ಎರಡು ರೊಟ್ಟಿ ಮುಗಿಸಿ ಎದ್ದುಬಿಡುತ್ತಿದ್ದರು. ತಿನ್ನುವಾಗಲೂ ಕಣ್ಣು ನಮ್ಮ ಕೈಗಳ ಮೇಲೆಯೇ.

ಒಮ್ಮೆ ಲೋಲಕದ ಪ್ರಯೋಗ. ನಾನು ಅಳೆಯುವ ಗೋಜಿಗೆ ಹೋಗದೆ ಪುಸ್ತಕದಲ್ಲಿದ್ದ ಉತ್ತರವನ್ನೇ ಬರೆದುಕೊಟ್ಟೆ. ಅವರು ವಹಿ ತಿರುಗಿಸಿ ನೋಡಿದರು.

"ಭಾಳ ಚಲೋ ಬಂದೈತಲ್ಲೋ. ದಾರ ಎಷ್ಟ ಉದ್ದ ಇತ್ತು?"

ನಾನು ತಲೆ ತಗ್ಗಿಸಿದೆ.

"ಅಳದು ತಪ್ಪ ಉತ್ತರಾ ತಂದ್ರ ನಾ ಮಾರ್ಕ್ ಕೊಡ್ತೇನಿ ತಮ್ಮಾ. ಅಳೀದ ಬರದ ಸರಿ ಉತ್ತರಕ್ಕ ಕೊಡೂದಿಲ್ಲ."

ಕೊಡಲಿಲ್ಲ. ಆ ವರ್ಷ ನಾನು ಪ್ರಾಕ್ಟಿಕಲ್ಲಿನಲ್ಲಿ ಹೇಗೋ ಪಾಸಾದೆ.

ಅವರ ಯೌವನದ ಒಂದು ಕಥೆಯನ್ನು ಕಾಲೇಜಿನಲ್ಲಿ ಎಲ್ಲರೂ ಬಲ್ಲರು. ಸಂಶೋಧನೆ ಮಾಡಲು ಅವರಿಗೆ ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಜಾಗ ಸಿಕ್ಕಿತ್ತಂತೆ. ಬೇಕಾಗಿದ್ದದ್ದು ತಾವು ಓದಿದ ವಿಶ್ವವಿದ್ಯಾಲಯದ ಒಂದು ಕಾಗದ ಮಾತ್ರ. ಆ ಕಾಗದ ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಸಾಗುವಷ್ಟರಲ್ಲಿ ವರ್ಷ ದಾಟಿ, ಜಾಗ ಬೇರೆಯವರ ಪಾಲಾಯಿತು. ಇದನ್ನು ಅವರು ನಗುನಗುತ್ತ ಹೇಳುತ್ತಿದ್ದರು. ಆದರೆ ಅದರ ಮುಂದಿನ ಮಾತಿನಲ್ಲಿ ನಗು ಇರುತ್ತಿರಲಿಲ್ಲ.

"ನಮ್ಮ ಹುಡುಗ್ರು ಜಗತ್ತ ನೋಡಬೇಕಂದ್ರ ಎಲ್ಲಾರಿಗೂ ವಿಮಾನ ಏರಾಕ ಆಗತೈತೇನು? ಜಗತ್ತ ಇಲ್ಲಿಗೆ ಬರ್ಲಿ. ಆಫ್ರಿಕಾದಾಂವ ಬಂದು ಗೋಕಾಕದ ಬೆಂಚಿನ ಮ್ಯಾಲ ಕುಂದ್ರಲಿ. ಸರಕಾರದವರಿಗೆ ಇದನ್ನ ಮಾಡಾಕ ಇಪ್ಪತ್ತು ಸಹಿ ಬೇಕು. ಖಾಸಗಿಯವರು ಮನಸ್ಸು ಮಾಡಿದ್ರ ಒಂದ ವಾರದಾಗ ಬಾಗಲಾ ತಗೀತಾರ."

ಈ ನಂಬಿಕೆ ಇದ್ದುದರಿಂದಲೇ ಅವರು ಮೋಸಹೋದರು. ಆಸೆಬುರುಕರಾಗಿದ್ದು ಮೋಸಹೋಗಿದ್ದರೆ ನಾನು ಇಷ್ಟು ಸಿಟ್ಟಿನಿಂದ ಬರೆಯುತ್ತಿರಲಿಲ್ಲ.

ಅವರು ನಿವೃತ್ತರಾದ ಮರುವರ್ಷ ಗೋಕಾಕದಿಂದ ಮೂಡಲಗಿ ಕಡೆಗೆ ಹೋಗುವ ರಸ್ತೆಯ ಬಾಜೂಕ್ಕೆ ಒಂದು ಕಟ್ಟಡ ಎದ್ದಿತು. ಬೇರೆ ರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದರ ಕ್ಯಾಂಪಸ್ ಅಂತೆ, ಅದಕ್ಕೆ ಹೊರದೇಶದ ವಿಶ್ವವಿದ್ಯಾಲಯವೊಂದರ ಸಹಯೋಗವಂತೆ. ಇಲ್ಲಿ ಎರಡು ವರ್ಷ ಓದಿದರೆ ಮೂರನೆಯ ವರ್ಷ ಅಲ್ಲಿ. ಕಟ್ಟಡ ಎಬ್ಬಿಸಿದ ಚೇರಮನ್ನರು ಘೋಡಗೇರಿಗೆ ಕಾರು ತೆಗೆದುಕೊಂಡು ಹೋಗಿ, ಸರ್ ಅವರ ಕಾಲು ಮುಟ್ಟಿ, ಡೀನ್ ಆಗಬೇಕೆಂದು ಕೇಳಿಕೊಂಡರು. ಸರ್ ಒಪ್ಪಿದರು. ಮೂಡಲಗಿಯಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದ ನನ್ನನ್ನೂ ಕರೆಸಿ ಆಫೀಸಿನಲ್ಲಿ ಕೂರಿಸಿದರು. ಪ್ರವೇಶದ ಕಾಗದ, ಹಾಜರಿ ಪುಸ್ತಕ, ಅಂಕಪಟ್ಟಿ ಎಲ್ಲ ನನ್ನ ಕಪಾಟಿನಲ್ಲಿ. ಅದರ ಚಾವಿಯೂ ನನ್ನ ಹತ್ತಿರವೇ.

ಮೊದಲ ಜಗಳವಾದದ್ದು ಧ್ವಜಗಳ ಬಗ್ಗೆ. ಉದ್ಘಾಟನೆಗೆ ಗೇಟಿನ ಮುಂದೆ ಹನ್ನೆರಡು ಕಂಬ ನೆಟ್ಟು ಹನ್ನೆರಡು ದೇಶಗಳ ಧ್ವಜ ಹಾರಿಸಿದ್ದರು. ಬಂದಿದ್ದ ವಿದ್ಯಾರ್ಥಿಗಳು ಎರಡು ದೇಶದವರು: ಸುಡಾನಿನವರು ಏಳು ಮಂದಿ, ತಾಂಜಾನಿಯಾದವರು ನಾಲ್ವರು. ಉಳಿದವರೆಲ್ಲ ಗೋಕಾಕ, ಮಮದಾಪುರ, ಮೂಡಲಗಿಯ ಮಕ್ಕಳು.

"ಯಾವ ದೇಶದ ಹುಡುಗ್ರು ಇಲ್ಲಿ ಅದಾರ, ಅವರ ಧ್ವಜ ಅಷ್ಟ ಇರ್ಲಿ," ಎಂದರು ಸರ್.

"ಸರ, ಮುಂದ ಬರ್ತಾರಲ್ರಿ. ಈಗಿಂದನ ಇರ್ಲಿ. ನೋಡೂ ಮಂದಿಗೆ ಛಂದ ಕಾಣಸ್ತೈತಿ," ಎಂದರು ಚೇರಮನ್ನರು.

"ಧ್ವಜ ಅಂದ್ರ ಲಗ್ನದ ಮನಿಗೆ ಬಣ್ಣದ ಕಾಗದದ ಪರಪರಿ ಕಟ್ಟಿದಂಗ ಅಲ್ಲರಿ. ಅದು ಒಂದ ದೇಶದ ಮಾತು."

ಚೇರಮನ್ನರು ಕೈಮುಗಿದು ನಕ್ಕರು. ಧ್ವಜಗಳು ಇಳಿಯಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಬಣ್ಣ ಒಂದಕ್ಕೊಂದು ಇಳಿದು, ಯಾವುದು ಯಾವ ದೇಶದ್ದು ಎಂದು ಹೇಳುವುದೇ ಕಷ್ಟವಾಯಿತು.

ಸುಡಾನಿನ ಏಳು ಮಂದಿಯಲ್ಲಿ ಇದ್ರಿಸ್ ಎಂಬುವನೊಬ್ಬ. ನೈಲ್ ನದಿಯ ದಂಡೆಯ ರೈಲ್ವೆ ಊರಿನವನು, ತಂದೆ ರೈಲ್ವೆ ಗುಮಾಸ್ತ. ಉದ್ದ, ತೆಳ್ಳಗೆ, ಮಾತು ಕಡಿಮೆ. ಬಂದ ಹೊಸತರಲ್ಲಿ ಊಟ ಸೇರದೆ ಸೊರಗಿದ್ದ. ಒಂದು ದಿನ ಸರ್ ತಮ್ಮ ಡಬ್ಬಿಯ ಜೋಳದ ರೊಟ್ಟಿ ಮುರಿದು ಅವನ ಕೈಗಿಟ್ಟರು. ಅವನು ವಾಸನೆ ನೋಡಿದ, ತಿಂದ, ಇಂಗ್ಲಿಷಿನಲ್ಲಿ ಕೇಳಿದ: ಇದು ನಮ್ಮೂರಿನ ಧಾನ್ಯ, ನಿಮಗೆ ಹೇಗೆ ಸಿಕ್ಕಿತು? ಅವರ ಮನೆಯಲ್ಲೂ ಜೋಳವೇ; ತಾಯಿ ಅದರ ಹಿಟ್ಟನ್ನು ಹುಳಿ ಬರಿಸಿ ತೆಳ್ಳಗೆ ಹುಯ್ಯುತ್ತಾಳಂತೆ. ಸರ್ ಆ ಸಂತೋಷದಲ್ಲಿ ಇಡೀ ತರಗತಿಯನ್ನು ಹೊರಗೆ ಕರೆದುಕೊಂಡು ಹೋಗಿ, ಪಕ್ಕದ ಹೊಲದ ಜೋಳದ ತೆನೆ ತೋರಿಸಿ, ಎರಡು ದೇಶಗಳ ಮಳೆ, ಮಣ್ಣು, ಬಿಸಿಲಿನ ಲೆಕ್ಕ ಹಾಕಿಸಿದರು. ಮಮದಾಪುರದ ಹುಡುಗಿಯೊಬ್ಬಳು ಇದ್ರಿಸನಿಂದ ಅವನೂರಿನ ಅಂಕಿ ಕೇಳಿ ಬರೆದುಕೊಂಡಳು, ಅವನು ಅವಳಿಂದ ಇಲ್ಲಿಯದು. ಅಂತರರಾಷ್ಟ್ರೀಯ ಎನ್ನುವ ಮಾತಿಗೆ ಅರ್ಥ ಇದ್ದದ್ದನ್ನು ಆ ಕಟ್ಟಡದಲ್ಲಿ ನಾನು ನೋಡಿದ್ದು ಅದೊಂದೇ ದಿನ. ಅದೂ ಕಟ್ಟಡದ ಹೊರಗೆ.

ರಮಜಾನಿನಲ್ಲಿ ಇನ್ನೊಂದು ರೂಢಿ ಬೆಳೆಯಿತು. ಹೊತ್ತು ಮುಳುಗುವ ಮುಂಚೆ ಸರ್ ಮೆಟ್ಟಿಲ ಮೇಲೆ ಕೂತು ಊಟ ಮುಗಿಸುತ್ತಿದ್ದರು. ಇದ್ರಿಸ್ ಪಕ್ಕದಲ್ಲಿ ಖರ್ಜೂರ ಕೈಯಲ್ಲಿ ಹಿಡಿದು, ಹೊತ್ತು ಮುಳುಗುವುದನ್ನೇ ಕಾಯುತ್ತ ಕೂರುತ್ತಿದ್ದ. "ಒಂದ ಸೂರ್ಯ ನೋಡಪಾ, ನನಗ ಮುಗಸು ಅಂತಾನ, ನಿನಗ ಸುರು ಮಾಡು ಅಂತಾನ," ಎಂದು ಸರ್ ಕನ್ನಡದಲ್ಲೇ ಹೇಳುತ್ತಿದ್ದರು. ಅವನಿಗೆ ಭಾಷೆ ತಿಳಿಯದಿದ್ದರೂ ಮಾತು ತಿಳಿಯುತ್ತಿತ್ತು.

ಚೇರಮನ್ನರಿಗೆ ಇದ್ರಿಸನ ಮೇಲೆ ಬೇರೆ ಥರದ ಪ್ರೀತಿ. ಮುಂದಿನ ವರ್ಷದ ಬಣ್ಣದ ಪುಸ್ತಿಕೆ ಅಚ್ಚಾಗಿ ಬಂದಾಗ ಅದರಲ್ಲಿ ಮೂರು ಕಡೆ ಅವನ ಫೋಟೋ. ಒಂದರಲ್ಲಿ ಬಿಳಿ ಕೋಟು ತೊಟ್ಟು ಪ್ರಯೋಗಾಲಯದಲ್ಲಿ, ಇನ್ನೊಂದರಲ್ಲಿ ಕಂಪ್ಯೂಟರ್ ಮುಂದೆ, ಮತ್ತೊಂದರಲ್ಲಿ ಟೈ ಕಟ್ಟಿಕೊಂಡು ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ. ಮ್ಯಾನೇಜ್‌ಮೆಂಟ್ ವಿಭಾಗ ನಮ್ಮಲ್ಲಿ ಇರಲೇ ಇಲ್ಲ. ಪ್ರಯೋಗಾಲಯದ ದೊಡ್ಡ ಉಪಕರಣಗಳು ಫೋಟೋ ತೆಗೆಯುವ ದಿನಕ್ಕೆಂದು ಬೇರೆ ಕಡೆಯಿಂದ ಕೇಳಿ ತಂದವು. ಸಂಜೆಗೆ ವಾಪಸ್ಸು ಹೋದವು. ಸರ್ ಪುಸ್ತಿಕೆಯನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟರು.

"ಈ ಹುಡುಗ ಓದಾಕ ಬಂದಾನೋ, ನಾಟಕ ಮಾಡಾಕ ಬಂದಾನೋ?"

ಆ ಪುಸ್ತಿಕೆಯ ಕಟ್ಟುಗಳನ್ನು, ಹೊರದೇಶದಲ್ಲಿ ಹುಡುಗರನ್ನು ಹುಡುಕಿಕೊಡುವ ಏಜಂಟರಿಗೆ ಅಂಚೆಯಲ್ಲಿ ಕಳಿಸಿದವನು ನಾನೇ.

ಎರಡನೆಯ ವರ್ಷ ಮುಗಿಯಲು ಬಂತು. ಇದ್ರಿಸನ ವೀಸಾ ಮುಂದುವರಿಸಬೇಕಿತ್ತು. ಬೆಳಗಾವಿಯ ಕಚೇರಿಯಲ್ಲಿ ಅಧಿಕಾರಿ ಹೇಳಿದ್ದು ಸರಳವಾದ ಮಾತು: ಈ ಊರಿನಲ್ಲಿ ಕ್ಯಾಂಪಸ್ ನಡೆಸಲು ನಿಮ್ಮ ವಿಶ್ವವಿದ್ಯಾಲಯಕ್ಕೆ ಅನುಮತಿ ಇರುವ ಕಾಗದ ತನ್ನಿ. ಇದ್ರಿಸ್ ಸರ್ ಹತ್ತಿರ ಬಂದ, ಸರ್ ಚೇರಮನ್ನರ ಹತ್ತಿರ ಹೋದರು. "ಬರ್ತೈತಿ ಸರ, ದಾರ್ಯಾಗ ಐತಿ" ಎಂಬ ಉತ್ತರ ಸಿಕ್ಕಿತು. ಒಂದು ತಿಂಗಳು ಕಾಗದ ದಾರಿಯಲ್ಲೇ ಇತ್ತು. ಆಮೇಲೆ ಸರ್ ಯಾರಿಗೂ ಹೇಳದೆ, ತಮ್ಮ ಕೈಬರಹದಲ್ಲಿ, ಮೂರು ಪತ್ರ ಬರೆದರು. ಒಂದು ನಮ್ಮ ವಿಶ್ವವಿದ್ಯಾಲಯದ ಮುಖ್ಯ ಕಚೇರಿಗೆ, ಒಂದು ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡುವ ದೆಹಲಿಯ ಕಚೇರಿಗೆ, ಒಂದು ಸಹಯೋಗದ ಹೊರದೇಶದ ವಿಶ್ವವಿದ್ಯಾಲಯಕ್ಕೆ.

ಮುಖ್ಯ ಕಚೇರಿಯಿಂದ ಉತ್ತರ ಬರಲಿಲ್ಲ. ದೆಹಲಿಯಿಂದ ಬಂದದ್ದು ಎರಡು ಸಾಲು: ಇಂಥ ಕ್ಯಾಂಪಸ್ಸಿಗೆ ಅನುಮತಿ ಕೊಟ್ಟಿಲ್ಲ, ಇಲ್ಲಿಯ ಪದವಿಗೆ ಮಾನ್ಯತೆ ಇಲ್ಲ. ಹೊರದೇಶದವರು ಸೌಜನ್ಯದಿಂದ ಬರೆದಿದ್ದರು. ಮೂರು ವರ್ಷದ ಹಿಂದೆ ನಿಮ್ಮವರೊಬ್ಬರು ಬಂದು ಚಹಾ ಕುಡಿದು ಫೋಟೋ ತೆಗೆಸಿಕೊಂಡು ಹೋದದ್ದು ನಿಜ, ಒಪ್ಪಂದ ಯಾವುದೂ ಆಗಿಲ್ಲ.

ಸರ್ ಆ ಎರಡೂ ಪತ್ರ ಹಿಡಿದು ಚೇರಮನ್ನರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು; ನನಗೆ ಎಲ್ಲ ಕೇಳಿಸಿತು.

"ಇವನ್ನ ಹುಡುಗ್ರ ಮುಂದ ಓದ್ತೇನಿ," ಎಂದರು ಸರ್.

"ಸರ, ನಿಮಗ ವಯಸ್ಸಾಗೈತಿ. ಇದು ಈಗಿನ ಕಾಲದ ಧಂದೆ. ಎಲ್ಲಾ ಕಡೆ ಹಿಂಗ ಸುರು ಆಗೂದು. ಮೊದಲ ಹುಡುಗ್ರು, ಆಮ್ಯಾಲ ಕಾಗದ."

"ಮತ್ತ ಕಾಗದ ಬರದಿದ್ರ?"

"ಬರದಿದ್ರ ಇವರ ತಮ್ಮ ದೇಶಕ್ಕ ಹೋಗ್ತಾರ. ಅಲ್ಲಿಂದ ಇಲ್ಲಿಗೆ ಯಾರ ಕೇಳಾಕ ಬರ್ತಾರ್ರಿ?"

ಸರ್ ಮೆಲ್ಲಗೆ ಹೇಳಿದರು. "ಖಾಸಗಿಯವರು ಲಗೂನ ಬಾಗಲಾ ತಗೀತಾರಂತ ನಾನ ಮಂದಿಗೆ ಹೇಳ್ಕೋತ ಬಂದೇನಿ. ಬಾಗಲದ ಹಿಂದ ಮನಿ ಐತೋ ಇಲ್ಲೋ ನೋಡಲಿಲ್ಲ. ತಪ್ಪು ನಂದೂ ಐತಿ."

ಅದೇ ದಿನ ಮಧ್ಯಾಹ್ನ ಎಲ್ಲ ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಕೂರಿಸಿ ಎರಡೂ ಪತ್ರಗಳನ್ನು ಇಂಗ್ಲಿಷಿನಲ್ಲಿ ಓದಿದರು. ಆಮೇಲೆ ಕನ್ನಡದಲ್ಲಿ ಹೇಳಿದರು. ತಾಂಜಾನಿಯಾದ ಹುಡುಗನೊಬ್ಬ ಮತ್ತೊಮ್ಮೆ ಓದಿ ಎಂದು ಕೇಳಿದ. ಸರ್ ಮತ್ತೊಮ್ಮೆ ಓದಿದರು. ಇದ್ರಿಸ್ ಕೊನೆಯ ಬೆಂಚಿನಲ್ಲಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿದ್ದ.

ಮರುದಿನ ಕಾವಲಿನವರು ಸರ್ ಅವರನ್ನು ಗೇಟಿನಲ್ಲೇ ತಡೆದರು. ಅಲ್ಲಿಂದ ಮುಂದಿನದು ನನ್ನ ಕಥೆಯೂ ಹೌದು.

ಸರ್ ಸುಮ್ಮನೆ ಮನೆಗೆ ಹೋಗಿ ಕೂರುವವರಲ್ಲ. ಬೇರೆ ಕಾಲೇಜುಗಳ ಪ್ರಾಚಾರ್ಯರನ್ನು ಕಂಡು ಈ ಮಕ್ಕಳನ್ನು ಸೇರಿಸಿಕೊಳ್ಳಿ ಎಂದು ಕೇಳಲು ಹೊರಟಿದ್ದರು. ಅವರ ಹಳೆಯ ಶಿಷ್ಯರು ಎಲ್ಲ ಕಡೆ ಇದ್ದರು. ಒಂದಿಬ್ಬರು ಒಪ್ಪಿಯೂ ಇದ್ದರು. ಎರಡು ವರ್ಷದ ಹಾಜರಿ ಮತ್ತು ಪ್ರಾಕ್ಟಿಕಲ್ಲಿನ ಅಂಕಗಳ ದಾಖಲೆ ತಂದರೆ ವಿಶ್ವವಿದ್ಯಾಲಯಕ್ಕೆ ಬರೆದು ಒಂದು ವರ್ಷವನ್ನಾದರೂ ಉಳಿಸಿಕೊಡಲು ನೋಡುತ್ತೇವೆ ಎಂದಿದ್ದರು. ಆ ದಾಖಲೆ ನನ್ನ ಕಪಾಟಿನಲ್ಲಿತ್ತು. ಸರ್ ಗೇಟಿಗೆ ಬಂದು ನನ್ನನ್ನು ಕರೆಸಿದರು.

"ಹಾಜರಿ ಪುಸ್ತಕ, ಮಾರ್ಕಿನ ಪುಸ್ತಕ. ಝೆರಾಕ್ಸ್ ಸಾಕು. ಮೂಲ ನನಗ ಬ್ಯಾಡ."

ಚೇರಮನ್ನರು ಬೆಳಿಗ್ಗೆಯೇ ನನಗೆ ಹೇಳಿದ್ದರು, ಒಂದು ಹಾಳೆ ಹೊರಗೆ ಹೋದರೂ ನಿನ್ನ ಕೆಲಸ ಹೋಯಿತು ಎಂದು. ಮನೆಯಲ್ಲಿ ಹೆಂಡತಿ ಏಳು ತಿಂಗಳ ಬಸುರಿ.

"ಸರ, ಕಪಾಟಿನ ಚಾವಿ ಕಳದೈತ್ರಿ," ಎಂದೆ.

ಚಾವಿ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಅವರು ನನ್ನ ಮುಖವನ್ನೇ ನೋಡಿದರು.

"ಕಳದಿದ್ರ ಹುಡುಕಪಾ. ನಾ ನಾಳಿ ಬರ್ತೇನಿ."

ಮರುದಿನ ಬಂದರು. ಅದರ ಮರುದಿನವೂ ಬಂದರು. ಘೋಡಗೇರಿಯಿಂದ ಎರಡು ಬಸ್ಸು ಬದಲಿಸಿ ಬಂದು, ಬಿಸಿಲಿನಲ್ಲಿ ನಿಂತು, "ಸಿಕ್ತೇನು?" ಎಂದು ಕೇಳಿದರು. ನಾನು "ಇಲ್ಲರಿ" ಎಂದೆ. ನಾಲ್ಕನೆಯ ದಿನ ಬಂದವರು ಕೇಳಲೂ ಇಲ್ಲ. ನನ್ನನ್ನು ನೋಡಿ ತಲೆಯಾಡಿಸಿ ಹೊರಟುಹೋದರು. ಐದನೆಯ ದಿನ ಚೇರಮನ್ನರು ಆ ಪುಸ್ತಕಗಳನ್ನು ನನ್ನಿಂದಲೇ ತೆಗೆಸಿ ತಮ್ಮ ಕಾರಿನಲ್ಲಿ ಹಾಕಿಸಿಕೊಂಡರು.

ಸರ್ ಮನೆಯಲ್ಲಿ ಕೂತು ನೆನಪಿನಿಂದಲೇ ಬರೆದರು. ಯಾವ ವಿದ್ಯಾರ್ಥಿಗೆ ಏನು ಕಲಿಸಿದೆ, ಯಾರು ಯಾವ ಪ್ರಯೋಗ ಮಾಡಿದರು, ಯಾರ ಉತ್ತರ ಎಲ್ಲಿ ತಪ್ಪಿತ್ತು ಎಂದು ಒಬ್ಬೊಬ್ಬರಿಗೆ ಎರಡೆರಡು ಪುಟ. ಕೊನೆಗೆ ತಮ್ಮ ಸಹಿ. ಅವನ್ನು ಹಿಡಿದು ಗೋಕಾಕ, ಹುಕ್ಕೇರಿ, ಬೆಳಗಾವಿ, ಧಾರವಾಡ ತಿರುಗಿದರು. ಪ್ರಾಚಾರ್ಯರು ಓದಿದರು, ಗೌರವದಿಂದ ಚಹಾ ಕೊಟ್ಟರು. ಆದರೆ ಕಾನೂನು ನೆನಪನ್ನು ಒಪ್ಪುವುದಿಲ್ಲ. ಮಕ್ಕಳಿಗೆ ಸಿಕ್ಕಿದ್ದು ಮತ್ತೆ ಮೊದಲನೆಯ ವರ್ಷ. ತಾಂಜಾನಿಯಾದ ನಾಲ್ವರು ಊರಿಗೆ ಮರಳಿದರು. ಇದ್ರಿಸ್ ಧಾರವಾಡದ ಕಾಲೇಜೊಂದರಲ್ಲಿ, ತನಗಿಂತ ಎರಡು ವರ್ಷ ಕಿರಿಯರ ಜೊತೆ, ಓದಿದ್ದನ್ನೇ ಮತ್ತೆ ಓದಲು ಕೂತ.

ಊರು ಸರ್ ಅವರನ್ನು ಹೊಗಳಿತು ಎಂದುಕೊಂಡಿದ್ದೀರಾ? ಮುದುಕನಿಗೆ ಅಧಿಕಾರ ಸಿಗದ ಹೊಟ್ಟೆಕಿಚ್ಚು ಎಂದು ಚೇರಮನ್ನರ ಕಡೆಯವರು ಹಬ್ಬಿಸಿದ್ದನ್ನು ಚಹಾದ ಅಂಗಡಿಗಳು ಪುಕ್ಕಟೆ ಹಂಚಿದವು. ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಮಮದಾಪುರದ ಆ ಹುಡುಗಿಯ ತಂದೆ ಅವರನ್ನು ಎಲ್ಲರೆದುರು ನಿಲ್ಲಿಸಿಕೊಂಡ.

"ನೀವ ಸುಮ್ಮನಿದ್ದಿದ್ರ ನನ್ನ ಮಗಳ ಕೈಯಾಗ ಡಿಗ್ರಿ ಇರ್ತಿತ್ತಲ್ರಿ."

"ಇರ್ತಿತ್ತಪಾ. ಅದನ್ನ ತಗೊಂಡು ಆಕಿ ಹೋದಲ್ಲೆಲ್ಲಾ ನಕ್ಕು ವಾಪಸ್ ಕೊಡ್ತಿದ್ರು. ಆವಾಗ ಆಕಿ ಬಾಜೂಕ ನಾನೂ ಇರ್ತಿರ್ಲಿಲ್ಲ, ಚೇರಮನ್ನರೂ ಇರ್ತಿರ್ಲಿಲ್ಲ."

ಆತನಿಗೆ ಸಮಾಧಾನವಾಗಲಿಲ್ಲ. ಆದರೆ ಮಗಳನ್ನು ಮತ್ತೆ ಮೊದಲ ವರ್ಷಕ್ಕೆ ಕಳಿಸಿದ. ಅವಳು ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಳೆ.

ಚೇರಮನ್ನರಿಗೆ ಏನಾಯಿತು? ಏನೂ ಆಗಲಿಲ್ಲ. ಬೋರ್ಡು ಬದಲಾಯಿತು, ಇನ್ನೊಂದು ವಿಶ್ವವಿದ್ಯಾಲಯದ ಹೆಸರು ಬಂತು, ಧ್ವಜದ ಕಂಬಗಳಿಗೆ ಹೊಸ ಬಣ್ಣ ಬಳಿದರು. ಉನ್ನತ ಶಿಕ್ಷಣದ ಜಾಗತೀಕರಣದ ಬಗ್ಗೆ ಅವರು ಸಭೆಗಳಲ್ಲಿ ಮಾತಾಡುತ್ತಾರೆ, ಶಾಲು ಹೊದಿಸಿಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುವವರಿಗೆ ಎಲ್ಲವೂ ಗೊತ್ತು. ಖಾಸಗಿಯವರಲ್ಲಿ ನೆಟ್ಟಗೆ ನಡೆಸುವವರೂ ಇದ್ದಾರೆ, ಅಲ್ಲಿ ಓದಿ ಬದುಕು ಕಟ್ಟಿಕೊಂಡ ಹೊರದೇಶದ ಮಕ್ಕಳನ್ನು ನಾನೇ ಕಂಡಿದ್ದೇನೆ. ಆದ್ದರಿಂದಲೇ ಈ ಮನುಷ್ಯನ ಮೇಲೆ ನನ್ನ ಸಿಟ್ಟು ಇಮ್ಮಡಿ. ದೂರದ ಊರಿನ ಗುಮಾಸ್ತನೊಬ್ಬ ನಕಾಶೆಯಲ್ಲಿ ಹುಡುಕಿದರೂ ಸಿಗದ ಗೋಕಾಕವನ್ನು ನಂಬಿ ಮಗನನ್ನು ಕಳಿಸಿದ. ನಾವು ಆ ಮಗನ ಫೋಟೋ ತೆಗೆದುಕೊಂಡು ಅವನನ್ನು ಬಿಟ್ಟುಬಿಟ್ಟೆವು.

ನಾನು ಇನ್ನೊಂದು ವರ್ಷ ಅಲ್ಲೇ ಕೆಲಸ ಮಾಡಿ, ಆಮೇಲೆ ಹುಕ್ಕೇರಿಯ ಹೈಸ್ಕೂಲೊಂದರಲ್ಲಿ ಗುಮಾಸ್ತನಾದೆ. ಘೋಡಗೇರಿ ಅಲ್ಲಿಂದ ದೂರವಲ್ಲ. ಆದರೂ ಹೋಗಲು ನನಗೆ ಮೂರು ವರ್ಷ ಬೇಕಾಯಿತು.

ಸರ್ ಪಡಸಾಲೆಯಲ್ಲಿ ಕೂತಿದ್ದರು, ಬಹಳ ಇಳಿದಿದ್ದರು. "ಬಾರಪಾ, ಕುಂದರು. ಮಗು ಹೆಂಗೈತಿ?" ಎಂದರು. ಬಟ್ಟೆಯಲ್ಲಿ ಗಾಳಿಸಿದ ನೀರು ತರಿಸಿಕೊಟ್ಟರು. ನಾನು ಕುಡಿಯಲಾರದೆ ಹೇಳಿಬಿಟ್ಟೆ.

"ಸರ, ಆವತ್ತ ಚಾವಿ ನನ್ನ ಕಿಸೇದಾಗ ಇತ್ರಿ."

"ಗೊತ್ತೈತಿ."

"ತಪ್ಪಾತ್ರಿ ಸರ."

"ನನ್ನ ಮುಂದ ಯಾಕ ಹೇಳ್ತಿ? ನನ್ನ ಎರಡ ವರ್ಷ ಹೋಗಿಲ್ಲ. ಇದ್ರಿಸಂದು ಹೋಗ್ಯಾವ. ಅವಂಗ ಬರಿ. ಏನ ಮಾಡಿದಿ ಅಂತ ಪೂರಾ ಬರದು ಸಹಿ ಮಾಡು."

ಇದ್ರಿಸ್ ಆಗಲೇ ಓದು ಮುಗಿಸಿ ಊರಿಗೆ ಹೋಗಿದ್ದ. ವಿಳಾಸ ಸರ್ ಹತ್ತಿರ ಇತ್ತು. ನಾನು ಬರೆದೆ. ನನ್ನ ಹರಕು ಇಂಗ್ಲಿಷಿನಲ್ಲಿ, ಚಾವಿಯ ವಿಷಯ, ಕಾರಿನಲ್ಲಿ ಹೋದ ಪುಸ್ತಕಗಳ ವಿಷಯ, ಪುಸ್ತಿಕೆ ಅಂಚೆಗೆ ಹಾಕಿದ ವಿಷಯ, ಎಲ್ಲ. ಎರಡು ತಿಂಗಳ ಮೇಲೆ ಉತ್ತರ ಬಂತು. ಅರ್ಧ ಪುಟ. ಪಾಸಾದೆ, ಕೆಲಸದಲ್ಲಿದ್ದೇನೆ, ಸರ್ ಅವರಿಗೆ ಸಲಾಂ ತಿಳಿಸಿ ಎಂದು ಮೊದಲು. ಆಮೇಲೆ: ನಿಮ್ಮ ಈ ಪತ್ರ ನನ್ನ ತಂದೆಗೆ ಬರಬೇಕಾಗಿತ್ತು. ಮೂರು ವರ್ಷದ ಓದಿಗೆ ಐದು ವರ್ಷ ಯಾಕಾಯಿತೆಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಇಡೀ ಕಾಲೇಜು ಸುಳ್ಳಾಗಿರಲು ಹೇಗೆ ಸಾಧ್ಯ ಎಂದು ಕೇಳುತ್ತಿದ್ದರು. ನಾನು ಓದದೆ ತಿರುಗಿದೆ ಎಂದುಕೊಂಡೇ ಹೋದ ವರ್ಷ ತೀರಿಕೊಂಡರು.

ಆ ಪತ್ರ ತೆಗೆದುಕೊಂಡು ಮತ್ತೆ ಘೋಡಗೇರಿಗೆ ಹೋದೆ. ಸರ್ ಎರಡು ಸಲ ಓದಿದರು. ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣೊರೆಸಿಕೊಂಡರು. ಏನಾದರೂ ಸಮಾಧಾನ ಹೇಳುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಬೇರೆ.

"ಅವನ ತಾಯಿ ಅದಾಳಲ್ಲ?"

"ಇರಬೇಕ್ರಿ."

"ಹಂಗಾದ್ರ ಆಕಿಗಿ ಬರಿ."

"ಆಕಿಗಿ ಇಂಗ್ಲಿಷ್ ಬರೂದಿಲ್ಲ ಅನಸ್ತೈತ್ರಿ, ಸರ."

"ಬರದಿದ್ರ ಯಾರರ ಓದಿ ಹೇಳ್ತಾರ. ನೀ ಬರಿ."

ಹುಕ್ಕೇರಿಗೆ ಬಂದು ಅದೇ ವಾರ ಬರೆದೆ. ಅಮ್ಮಾ, ನಿಮ್ಮ ಮಗ ಸುಳ್ಳು ಹೇಳಲಿಲ್ಲ, ಸುಳ್ಳು ಹೇಳಿದವರು ನಾವು ಎಂದು ಶುರುಮಾಡಿ, ನಡೆದದ್ದನ್ನೆಲ್ಲ ಹೇಳಿ, ಕೆಳಗೆ ನನ್ನ ಹೆಸರು, ಊರು ಬರೆದು ಸಹಿ ಮಾಡಿದೆ. ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ಇದ್ರಿಸ್ ಒಬ್ಬನೇ. ತಾಯಿಯ ಎದುರು ಕೂತು, ಒಂದೊಂದೇ ಸಾಲನ್ನು ಅವಳ ಭಾಷೆಗೆ ತಿರುಗಿಸಿ ಅವನೇ ಓದಿ ಹೇಳಿರಬೇಕು.